ಗಿರಿಜೆಯ ಉಪ್ಪು ಕಾಫಿ

ವಯಸ್ಸಾದ ಮೇಲೆ ತಪ್ಪೊಪ್ಪಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ಬಯ್ಯಬೇಕಾದವರಲ್ಲಿ ಹೆಚ್ಚಿನವರು ತೀರಿಹೋಗಿರುತ್ತಾರೆ. ಅನನುಕೂಲವೆಂದರೆ, ಉಳಿದವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಗುಟ್ಟಿನಲ್ಲಿ ಹೇಳಬೇಕಾದ ತಪ್ಪನ್ನು ನೆರೆಮನೆಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾಗುತ್ತದೆ. ನನ್ನ ತಪ್ಪು ಒಂದು ಕೊಡಪಾನ ನೀರಿನದು. ಅದನ್ನು ಹೇಳುವ ಮೊದಲು ನಮ್ಮ ಕುದ್ರುವಿನ ಸಂಗತಿ ಹೇಳಬೇಕು.

ಹೊಳೆಯ ನಡುವಿನ ದ್ವೀಪಕ್ಕೆ ನಮ್ಮ ಕಡೆ ಕುದ್ರು ಎನ್ನುತ್ತಾರೆ. ಕಲ್ಯಾಣಪುರದ ಹತ್ತಿರ ಸ್ವರ್ಣಾ ನದಿಯಲ್ಲಿದ್ದ ನಮ್ಮ ಕುದ್ರುವಿನಲ್ಲಿ ಬೆರಳೆಣಿಕೆಯಷ್ಟು ಮನೆಗಳು, ಅದಕ್ಕಿಂತ ತುಂಬಾ ಹೆಚ್ಚು ತೆಂಗಿನಮರಗಳು. ಸುತ್ತಲೂ ನೀರು, ಆದರೆ ಬೇಸಿಗೆ ಬಂತೆಂದರೆ ಸಮುದ್ರದ ಉಬ್ಬರ ಹೊಳೆಗೆ ನುಗ್ಗಿ ಬಾವಿಗಳೆಲ್ಲ ಉಪ್ಪಾಗುತ್ತಿದ್ದವು. ನಮಗೇನೂ ಅನಿಸುತ್ತಿರಲಿಲ್ಲ. ಏಪ್ರಿಲ್ ತಿಂಗಳಿಂದ ಮಳೆ ಬೀಳುವವರೆಗೆ ಅಮ್ಮ ಗಂಜಿಗೆ ಉಪ್ಪು ಹಾಕುತ್ತಲೇ ಇರಲಿಲ್ಲ. ಬಾವಿಯೇ ಹಾಕಿ ಕೊಡುತ್ತಿತ್ತು. ಹೈಸ್ಕೂಲಿಗೆ ಹೋಗುವಾಗ ಗೆಳೆಯನೊಬ್ಬನ ಮನೆಯಲ್ಲಿ ಸಿಹಿನೀರು ಕುಡಿದು, "ಇದೆಂತ, ನಿಮ್ಮ ನೀರಿಗೆ ರುಚಿಯೇ ಇಲ್ಲ" ಎಂದಿದ್ದೆ. ಅವನ ತಾಯಿ ನನ್ನ ಹಣೆ ಮುಟ್ಟಿ ನೋಡಿದರು.

ಆದರೆ ನೆಂಟರು ಬರುವ ದಿನ ಮಾತ್ರ ಕುದ್ರುವಿನ ಮರ್ಯಾದೆ ಉಳಿಸಲು ಆಚೆ ದಡದಿಂದ ಸಿಹಿನೀರು ತರುವುದು ಪ್ರತಿ ಮನೆಯ ಕ್ರಮ. ತಂದದ್ದನ್ನು ಯಾರಿಗೂ ಹೇಳುವುದಿಲ್ಲ. ಇಲ್ಲಿಯ ನೀರು ಹೀಗೇ, ಕಲ್ಲುಸಕ್ಕರೆಯ ಹಾಗೆ, ಎಂಬ ಮುಖ ಮಾಡಿಕೊಂಡು ನೆಂಟರ ಮುಂದೆ ಚೊಂಬು ಇಡುವುದು.

ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತೋ ಏನೋ. ಅಂಥದೊಂದು ಮೇ ತಿಂಗಳಲ್ಲಿ ನನ್ನ ತಂಗಿ ಗಿರಿಜೆಯನ್ನು ನೋಡಲು ಬೆಳ್ಮಣ್ಣಿನವರು ಬರುವುದೆಂದಾಯಿತು. ಹುಡುಗ ಕಾರ್ಕಳದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅದಕ್ಕೂ ಮೊದಲು ಬಂದವರೆಲ್ಲ ಹುಡುಗಿಯನ್ನು ಒಪ್ಪಿ, ಕುದ್ರುವನ್ನು ಒಪ್ಪದೆ ಹೋಗಿದ್ದರು. "ಹಬ್ಬ ಹಬ್ಬಕ್ಕೆ ಅಳಿಯ ದೋಣಿ ಹತ್ತಬೇಕಾ? ಕುಡಿಯಲಿಕ್ಕೆ ನೀರಾದರೂ ಉಂಟಾ ಅಲ್ಲಿ?" ಎಂದು ಒಬ್ಬರು ದಡದಿಂದಲೇ ತಿರುಗಿದ್ದರು. ಅಪ್ಪ ನನ್ನನ್ನು ಕರೆದು, "ಇದೂ ತಪ್ಪಿತೋ, ಅವಳು ಇಲ್ಲೇ ಸೋಗೆ ಹೆಣೆಯುತ್ತಾ ಮುದುಕಿಯಾಗ್ತಾಳೆ. ನೀರು ತರುವುದು ನಿನ್ನ ಕೆಲಸ. ಬೇಗ ಹೋಗಿ ಬಾ, ಹರಟೆಗೆ ಕೂರಬೇಡ" ಎಂದರು.

ಅವರು ಹೇಳಿದ್ದು ಒಂದೇ ಎಚ್ಚರಿಕೆ. ನಾನು ಮುರಿದದ್ದೂ ಅದನ್ನೇ.

ನಾವು ನೀರು ತರುತ್ತಿದ್ದದ್ದು ದಡದ ಬಾಯಮ್ಮನ ಮನೆಯಿಂದ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು, ಬಾವಿಯಷ್ಟೇ ತಂಪು ಮನಸ್ಸು. "ತಂಗಿಯನ್ನು ನೋಡಲಿಕ್ಕೆ ಬರ್ತಾರಾ ಪುತಾ? ಕೂತುಕೋ, ಹಲಸಿನಹಣ್ಣು ಕೊಯ್ದದ್ದುಂಟು" ಎಂದರು. ಕೂತೆ. ಹಣ್ಣು ತಿಂದೆ. ಬಾಯಾರಿತು. ದೋಣಿಯಲ್ಲಿದ್ದ ತೆಂಗಿನ ಗೆರಟೆಯನ್ನೇ ತಂದು ಅದರಲ್ಲಿ ನೀರು ಕುಡಿದು, ಗೆರಟೆಯನ್ನು ಬಾವಿಕಟ್ಟೆಯ ಮೇಲೆಯೇ ಬಿಟ್ಟು, ಕೊಡಪಾನ ಹೊತ್ತು ಹೊರಟೆ.

ಕುದ್ರುವಿನವರಿಗೆ ಇದನ್ನು ಓದುವಾಗಲೇ ಎದೆ ಧಸಕ್ಕೆಂದಿರಬೇಕು. ನಮ್ಮ ದೋಣಿ ಸೋರುತ್ತಿತ್ತು. ಎಲ್ಲರ ದೋಣಿಯೂ ಸೋರುತ್ತಿತ್ತು. ಹುಟ್ಟು ಹಾಕುವುದು, ನಡುನಡುವೆ ಗೆರಟೆಯಿಂದ ನೀರು ತೋಡಿ ಹೊರಗೆ ಚೆಲ್ಲುವುದು, ಎರಡೂ ಸೇರಿದರೇ ದೋಣಿ ನಡೆಸುವುದು. ಹೊಳೆಯ ನಡುವಿಗೆ ಬಂದಾಗ ನೀರು ಹಿಮ್ಮಡಿ ದಾಟಿತ್ತು. ಕೈಯಿಂದ ಚೆಲ್ಲಿದೆ, ಸಾಲಲಿಲ್ಲ. ಕಡೆಗೆ ದೇವರ ಮೇಲೆ ಭಾರ ಹಾಕಿ ಬಾಯಮ್ಮನ ಸಿಹಿನೀರನ್ನು ಹೊಳೆಗೆ ಸುರಿದೆ, ಆ ಕೊಡಪಾನದಿಂದಲೇ ದೋಣಿಯ ನೀರು ತೋಡಿದೆ.

ಕುದ್ರು ಮುಟ್ಟುವುದಕ್ಕೂ ಆಚೆ ದಡದಿಂದ "ಕೂ..." ಎಂಬ ಕೂಗು ಕೇಳುವುದಕ್ಕೂ ಸರಿಹೋಯಿತು. ಬೆಳ್ಮಣ್ಣಿನವರು! ಅಂಗಳದಿಂದ ಅಪ್ಪ, "ನೀರು ಒಳಗಿಟ್ಟು ದೋಣಿ ತೆಗೆ ಮಾರಾಯ!" ಎಂದು ಬೊಬ್ಬೆ ಹಾಕಿದರು. ನಾನು ಹಿತ್ತಲಿಗೆ ಓಡಿ, ಕೊಡಪಾನವನ್ನು ತೊಳೆದು, ನಮ್ಮ ಬಾವಿಯ ನೀರನ್ನೇ ತುಂಬಿಸಿ ಅಡಿಗೆಮನೆಯಲ್ಲಿಟ್ಟೆ. ಒಂದು ಗುಟುಕು ಕುಡಿದೂ ನೋಡಿದೆ. ನನಗೇನೂ ಉಪ್ಪೆನಿಸಲಿಲ್ಲ. ಹುಟ್ಟಿದಾಗಿನಿಂದ ಅದನ್ನೇ ಕುಡಿದ ನಾಲಗೆ ಬೇರೇನು ಹೇಳೀತು?

ಬೇರೊಂದು ಗೆರಟೆ ಹಿಡಿದು ಹೋಗಿ ನೆಂಟರನ್ನು ದಾಟಿಸಿ ತಂದೆ. ಗಿರಿಜೆ ಕಾಫಿ ತಂದಿಟ್ಟಳು. ಹುಡುಗನ ತಾಯಿ ಒಂದು ಗುಟುಕು ಕುಡಿದವರು ಲೋಟವನ್ನು ಕೆಳಗಿಟ್ಟರು. "ಇದೆಂತ, ಕಾಫಿಗೆ ಉಪ್ಪು ಹಾಕುವ ಕ್ರಮ ಉಂಟಾ ಇಲ್ಲಿ?"

ಅಪ್ಪನ ಮುಖ ಬಿಳಿಚಿತು. ಅಮ್ಮ ಬಾಗಿಲ ಸಂದಿನಲ್ಲಿ ಕಲ್ಲಾದಳು. ನಾನು ತೆಂಗಿನಮರವೊಂದನ್ನು ಅದೇ ಮೊದಲು ಕಂಡವನಂತೆ ನೋಡತೊಡಗಿದೆ. ಆಗ ಗಿರಿಜೆ ತಲೆ ತಗ್ಗಿಸಿ, "ಹೆದರಿಕೆಯಲ್ಲಿ ಸಕ್ಕರೆಯ ಒಟ್ಟಿಗೆ ಉಪ್ಪನ್ನೂ ಹಾಕಿಬಿಟ್ಟೆ" ಎಂದಳು.

ಹುಡುಗ ಲೋಟ ಎತ್ತಿ ಗಟಗಟ ಕುಡಿದು, "ಅಡ್ಡಿಯಿಲ್ಲ ಅಮ್ಮ, ಕಾಫಿ ಬೇಕಾದರೆ ನಾನೇ ಮಾಡ್ತೇನೆ" ಎಂದುಬಿಟ್ಟ. ಅವನ ತಾಯಿಗೇ ನಗು ಬಂತು. ಮಳೆಗಾಲಕ್ಕೆ ಮುಂಚೆ ಮದುವೆಯಾಯಿತು.

ಆದರೆ ಅಂದಿನಿಂದ ನನ್ನ ತಂಗಿ ಉಪ್ಪು ಕಾಫಿಯ ಗಿರಿಜೆಯಾದಳು. ಬೆಳ್ಮಣ್ಣಿನ ಮನೆಯಲ್ಲಿ ಅವಳನ್ನು ಕಾಫಿ ಪಾತ್ರೆಯ ಹತ್ತಿರ ಬಿಡುತ್ತಿರಲಿಲ್ಲ. ಬಂದವರಿಗೆಲ್ಲ ಆ ಕತೆ ಹೇಳಿ ನಗುತ್ತಿದ್ದರು. ಪ್ರತಿಸಲ ನಾನೂ ನಗುತ್ತಿದ್ದೆ, ಆಮೇಲೆ ದಾರಿಯುದ್ದಕ್ಕೂ ನನ್ನನ್ನೇ ಬಯ್ದುಕೊಳ್ಳುತ್ತಿದ್ದೆ.

ಮೊನ್ನೆ ಅವಳ ಮನೆಗೆ ಹೋದವನು, ಅವಳಿಗಿಂತಲೂ ಕಿವಿ ಮಂದವಾದ ಭಾವ ಅಡಿಗೆಮನೆಯಲ್ಲಿದ್ದ ಹೊತ್ತು ನೋಡಿ, ಇನ್ನು ತಡೆಯಲಾರದೆ ಎಲ್ಲವನ್ನೂ ಅವಳ ಕಿವಿಯ ಹತ್ತಿರ ಕೂಗಿ ಹೇಳಿದೆ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲೇ ಇಲ್ಲ.

"ಗೊತ್ತುಂಟು ಅಣ್ಣ. ನೀನು ಬಾವಿಯಿಂದ ನೀರು ಸೇದುವಾಗ ನಾನು ಹಿಂದಿನ ಬಾಗಿಲಲ್ಲೇ ಇದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಎಂತ ಹೇಳುವುದು? ಹುಡುಗಿ ತಪ್ಪಿ ಉಪ್ಪು ಹಾಕಿದಳು ಎಂದರೆ ನಗ್ತಾರೆ. ಬಾವಿಯೇ ಉಪ್ಪು ಎಂದರೆ ಎದ್ದು ಹೋಗ್ತಾರೆ, ಅಲ್ವಾ?"

"ಭಾವನಿಗಾದರೂ ಇವತ್ತು ನಿಜ ಹೇಳಿಬಿಡುತ್ತೇನೆ" ಎಂದು ಎದ್ದೆ.

"ಸುಮ್ಮನೆ ಕೂತುಕೋ! ಅತ್ತೆ ಹೋದ ಮೇಲೆ ದಿನಾ ಬೆಳಿಗ್ಗೆ ಎದ್ದು ಕಾಫಿ ಮಾಡಿ ನನ್ನ ಕೈಗೆ ತಂದು ಕೊಡುವುದು ಅವರೇ. ನೀನು ನಿಜ ಹೇಳಿ ಅದನ್ನು ತಪ್ಪಿಸಬೇಡ."

ಅಷ್ಟರಲ್ಲಿ ಭಾವ ಲೋಟಗಳನ್ನು ಹಿಡಿದು ಬಂದರು. ಅವರ ಕಾಫಿಯ ವಿಷಯ ನಾನು ಈವರೆಗೆ ಯಾರಲ್ಲೂ ಆಡಿಲ್ಲ. ಪುಡಿಯನ್ನು ಕಷಾಯದ ಹಾಗೆ ಕುದಿಸುತ್ತಾರೆ. ತಳದಲ್ಲಿ ಮಡ್ಡಿ, ಮೇಲೆ ಕೆನೆ, ನಡುವೆ ಬೆಲ್ಲದ ಪಾಕ. ಗಿರಿಜೆ ಅದನ್ನು ಕಣ್ಣು ಮುಚ್ಚಿ ತೀರ್ಥದ ಹಾಗೆ ಕುಡಿದಳು. ನಾನೂ ಹೇಗೋ ಮುಗಿಸಿದೆ.

"ಹೇಗುಂಟು ಭಾವ? ಇನ್ನರ್ಧ ಲೋಟ ಹಾಕಲಾ?" ಎಂದು ಅವರು ನನ್ನನ್ನು ಕೇಳಿದರು.

ಗಿರಿಜೆ ನನ್ನನ್ನೇ ನೋಡುತ್ತಿದ್ದಳು. ನಾನು ಲೋಟ ಮುಂದೆ ಚಾಚಿ, "ಅರ್ಧ ಯಾಕೆ, ತುಂಬಾ ಹಾಕಿ" ಎಂದೆ.