ಮಾಮನ ಉಡದಾರಕ್ಕೆ ಕಟ್ಟಿದ ಕಾರು

ನಮ್ಮ ಮಾಮ ಕಾರನ್ನು ಸೊಂಟಕ್ಕೆ ಕಟ್ಟಿಕೊಂಡು ಜಳಕ ಮಾಡುತ್ತಿದ್ದ ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಕನಕಗಿರಿಗೆ ಬಂದು ನಮ್ಮ ಅತ್ತಿಯನ್ನು ಕೇಳಿ. ಇಡೀ ಕಾರಲ್ಲ, ಕಾರಿನ ರಿಮೋಟು ಎಂದು ಆಕೆ ತಿದ್ದಬಹುದು. ಆದರೆ ಆ ರಿಮೋಟು ಇಲ್ಲದಿದ್ದರೆ ಕಾರು ಅಂಗಳದಲ್ಲಿ ನಿಂತ ತಗಡಿನ ಡಬ್ಬಿ ತಾನೆ? ಹಾಗಾಗಿ ನನ್ನ ಮಾತೂ ಪೂರ್ತಿ ಸುಳ್ಳಲ್ಲ!

ಮಾಮ ಎಂದರೆ ನನ್ನ ಅವ್ವನ ಅಣ್ಣ. ಅವ್ವ ನನ್ನನ್ನು ಹೆತ್ತ ದಿನವೇ ತೀರಿಕೊಂಡಳು. ನನ್ನನ್ನು ಎತ್ತಿ ಆಡಿಸಿ, ಓದಿಸಿ, ಯಲಬುರ್ಗಾಕ್ಕೆ ಮದುವೆ ಮಾಡಿಕೊಟ್ಟವರು ಮಾಮ ಮತ್ತು ಅತ್ತಿ. ಮಾಮ ಬಹಳ ಒಳ್ಳೆಯವನು, ಬೀದಿಯ ನಾಯಿಯನ್ನೂ ನಂಬುವವನು. ಕೀಲಿಕೈ ವಿಷಯದಲ್ಲಿ ಮಾತ್ರ ಯಾರನ್ನೂ ನಂಬುವುದಿಲ್ಲ. ಗೋಡೆಯ ಮೊಳೆಯನ್ನು ನಂಬುವುದಿಲ್ಲ, ಅಂಗಿಯ ಜೇಬನ್ನು ನಂಬುವುದಿಲ್ಲ, ಕೈಹಿಡಿದ ಹೆಂಡತಿಯನ್ನೂ ನಂಬುವುದಿಲ್ಲ. ನಂಬಿದ್ದು ಸೊಂಟದ ಕರಿ ಉಡದಾರ ಒಂದನ್ನೇ. ಮನೆಯ ಕೀಲಿಕೈ, ಕಪಾಟಿನದು, ಟ್ರಂಕಿನದು, ಯಾವತ್ತೋ ಮಾರಿಹೋದ ಸ್ಕೂಟರಿನದು, ಎಲ್ಲವೂ ಅಲ್ಲಿಯೇ ಜೋತಾಡುತ್ತಿದ್ದವು.

ಯಾಕೆ ಹೀಗೆ ಎಂದು ಕೇಳಿದವರಿಗೆ ಅವನು ಒಂದೇ ಕಥೆ ಹೇಳುತ್ತಿದ್ದ. ಕೊಪ್ಪಳ ಜಿಲ್ಲೆಯಾದ ಹೊಸದರಲ್ಲಿ ಅವನು ಅಲ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದನಂತೆ. ಒಂದು ದಿನ ಕಪಾಟಿನ ಕೀಲಿಕೈ ಮನೆಯಲ್ಲೇ ಬಿಟ್ಟು ಹೋಗಿ ಸಾಹೇಬರಿಂದ ಬೈಸಿಕೊಂಡನಂತೆ. ಅಂದಿನಿಂದ ಉಡದಾರವೇ ಗತಿ. ನಾವೂ ನಂಬಿದ್ದೆವು. ಸರ್ಕಾರಿ ನೌಕರನಿಗೆ ಸಾಹೇಬರ ಬೈಗುಳಕ್ಕಿಂತ ದೊಡ್ಡ ಕಾರಣ ಇನ್ನೇನು ಬೇಕು?

ಇದರಿಂದ ಅತ್ತಿಗೊಂದು ಲಾಭವೂ ಇತ್ತು. ಮಾಮ ನಡೆದರೆ ಝಣ್ ಝಣ್ ಸಪ್ಪಳ. ಅವನು ಹಿತ್ತಲಲ್ಲಿದ್ದಾನೋ ಪಡಸಾಲೆಯಲ್ಲಿದ್ದಾನೋ ಎಂದು ಆಕೆ ಒಮ್ಮೆಯೂ ಕೂಗಿ ಕೇಳಿದವಳಲ್ಲ. ಮಾಮನಿಗೆ ಸಕ್ಕರೆ ಕಾಯಿಲೆ. ಪೇಡೆಯ ಡಬ್ಬಿಯ ಕಡೆಗೆ ಎಷ್ಟೇ ಮೆಲ್ಲಗೆ ಹೆಜ್ಜೆಯಿಟ್ಟರೂ ಸೊಂಟವೇ ಚಾಡಿ ಹೇಳುತ್ತಿತ್ತು. ಅಡುಗೆಮನೆಯಿಂದ ಅತ್ತಿ ಒಮ್ಮೆ ಕೆಮ್ಮಿದರೆ ಸಾಕು, ಸಪ್ಪಳ ಹಿಂದಕ್ಕೆ ಹೋಗುತ್ತಿತ್ತು.

ಹೀಗಿರುವಾಗ ನಾನು ಬಸುರಿ ಎಂಬ ಸುದ್ದಿ ಯಲಬುರ್ಗಾದಿಂದ ಬಂತು. ಜೀವಮಾನವಿಡೀ ಬಸ್ಸಿನಲ್ಲಿ ಓಡಾಡಿದ ಮಾಮ ಅದೇ ತಿಂಗಳು ಕಾರು ತಂದ! ಗುಂಡಿ ಒತ್ತಿದರೆ ಸುರುವಾಗುವ ಕಾರು. ಕೀಲಿಕೈ ಎಂದರೆ ಅಂಗೈಯಗಲದ ಕರಿ ರಿಮೋಟು. ಅದೂ ಉಡದಾರ ಸೇರಿತು. ಅಲ್ಲಿಂದ ಶುರುವಾಯಿತು ನೋಡಿ ತಮಾಷೆ. ಮಾಮ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತರೆ ಹೊಟ್ಟೆಯ ಒತ್ತಡಕ್ಕೆ ಅಂಗಳದಲ್ಲಿ ಕಾರಿನ ಬೀಗ ತೆರೆದುಕೊಳ್ಳುತ್ತಿತ್ತು. ತೇಗಿದರೆ ಮುಚ್ಚಿಕೊಳ್ಳುತ್ತಿತ್ತು. ಹೇಮಗುಡ್ಡದಲ್ಲಿ ದುರ್ಗಮ್ಮನ ಮುಂದೆ ಅವನು ಉದ್ದಂಡ ನಮಸ್ಕಾರ ಹಾಕಿದಾಗಲಂತೂ ಹೊರಗೆ ನಿಂತಿದ್ದ ಕಾರು ದೀಪ ಮಿಣುಕಿಸಿ ಬೊಬ್ಬೆ ಹೊಡೆಯಿತು. ಪೂಜಾರಿ ಆರತಿ ತಟ್ಟೆ ಹಿಡಿದೇ ಹೊರಗೆ ಇಣುಕಿ ನೋಡಿ, "ತಾಯಿ ಕರದ್ರ ನಿಮ್ಮ ಗಾಡಿನೂ ಓ ಅಂತೈತಲ್ರಿ" ಎಂದರು.

ಮೊದಮೊದಲು ಮಾಮ ಜಳಕಕ್ಕೆ ಹೋಗುವಾಗ ರಿಮೋಟನ್ನು ಮಾತ್ರ ಬಿಚ್ಚಿ, ಒಲ್ಲದ ಮನಸ್ಸಿನಿಂದಲೇ ಅತ್ತಿಯ ಕೈಗೆ ಕೊಡುತ್ತಿದ್ದ. ನಾನು ಹೆರಿಗೆಗೆ ಬಂದ ಮೇಲೆ ಅದನ್ನೂ ನಿಲ್ಲಿಸಿದ. ಸೋಪು, ಬಿಸಿನೀರು, ಕೊಬ್ಬರಿ ಎಣ್ಣೆ, ಎಲ್ಲದರಲ್ಲೂ ರಿಮೋಟಿಗೆ ಸಮಪಾಲು. ಅತ್ತಿ ಗೊಣಗಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನನಗೆ ಬೇನೆ ಶುರುವಾದದ್ದು ಸಂತೆಯ ದಿನ ಬೆಳಿಗ್ಗೆ, ಮಾಮ ಬಚ್ಚಲಲ್ಲಿದ್ದಾಗ. ಅತ್ತಿ ಬಾಗಿಲು ಬಡಿದದ್ದೇ ತಡ, ಮೈ ಒರೆಸಿಕೊಳ್ಳದೆ ಪಂಚೆ ಸುತ್ತಿಕೊಂಡು, ಅಂಗಿ ತಿರುವುಮುರುವು ತೊಟ್ಟು ಅಂಗಳಕ್ಕೆ ಓಡಿ ಬಂದ. ರಿಮೋಟು ಒತ್ತಿದ. ಕಾರು ಸುಮ್ಮನೆ ನಿಂತಿತ್ತು. ಎರಡೂ ಹೆಬ್ಬೆರಳಿನಿಂದ ಒತ್ತಿದ. ಒಂದೊಂದು ಬಾಗಿಲ ಹತ್ತಿರವೂ ಹೋಗಿ, ಬೇರೆ ಬೇರೆ ಕಿವಿಗೆ ಗುಟ್ಟು ಹೇಳುವಂತೆ ಬಗ್ಗಿ ಒತ್ತಿದ. ಊಹುಂ. ತೇಗಿಗೂ ಓಗೊಡುತ್ತಿದ್ದ ಕಾರು ಈಗ ಕಿವುಡಾಗಿತ್ತು!

ನನ್ನನ್ನು ತೋರಿಸುತ್ತಿದ್ದ ಆಸ್ಪತ್ರೆ ಇರುವುದು ಗಂಗಾವತಿಯಲ್ಲಿ. ಸಂತೆಯ ದಿನವಾದ್ದರಿಂದ ಊರಿನ ಆಟೋಗಳೆಲ್ಲ ಬಾಡಿಗೆಗೆ ಹೋಗಿದ್ದವು, ಆಂಬುಲೆನ್ಸೂ ಬೇರೆ ಕಡೆ ಹೋಗಿತ್ತು. ಪಕ್ಕದ ಮನೆಯ ನಿವೃತ್ತ ಮಾಸ್ತರರು ಬಂದು ನೋಡಿ, ರಿಮೋಟು ನೀರು ಕುಡಿದಿದೆ, ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟರೆ ಸಂಜೆಗೆ ಸರಿಹೋಗುತ್ತದೆ ಎಂದರು. ಮಾಮ ಆಗಲೇ ಡಬ್ಬಿಯ ಕಡೆಗೆ ಹೊರಟಿದ್ದ.

"ಅಲ್ಲೀಮಟ ತಡಕೊ ಅಂತ ಕೂಸಿಗೆ ಯಾರು ಹೇಳೋರ್ರಿ?" ಎಂದು ಅತ್ತಿ ರಿಮೋಟು ಕಸಿದುಕೊಂಡಳು.

ಮಾಸ್ತರರು ಬೇರೆ ಗಾಡಿ ಹುಡುಕಲು ಹೋದರು. ಅತ್ತಿ ಚಾಕುವಿನಿಂದ ರಿಮೋಟನ್ನು ಮೀಟಿದಳು. ಮೊದಲು ಅದರ ಬದಿಯಿಂದ ಒಂದು ಸಣ್ಣ ಉಕ್ಕಿನ ಕೀಲಿಕೈ ಜಾರಿ ಬಿತ್ತು. ಆಮೇಲೆ ಹೊಟ್ಟೆ ಬಿಚ್ಚಿಕೊಂಡು ಸೋಪಿನ ನೊರೆ ಸಮೇತ ನೀರು ಸುರಿಯಿತು. ಒಳಗಿನ ಗುಂಡನೆಯ ಸೆಲ್ಲು ತುಕ್ಕು ಹಿಡಿದಿತ್ತು. ಮಾಮನ ಸಕ್ಕರೆ ನೋಡುವ ಮಿಷನ್ನಿನಲ್ಲೂ ಅಂಥದ್ದೇ ಸೆಲ್ಲು ಇತ್ತು. ಅದನ್ನು ಕಿತ್ತು ಇದಕ್ಕೆ ಹಾಕಿದೆವು. ಏನೂ ಆಗಲಿಲ್ಲ. ಕಟ್ಟೆಯ ಮೇಲೆ ಕೂತು ಬೇನೆ ತಿನ್ನುತ್ತಿದ್ದ ನನಗೆ ಮಾಮನ ಮುಖ ಕಂಡಿತು. ಅಷ್ಟು ಬೆದರಿದ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನನ್ನ ಬೇನೆಗಿಂತ ಅವನ ಆ ಮುಖವೇ ನನ್ನನ್ನು ಹೆಚ್ಚು ಹೆದರಿಸಿತು.

ಕೆಳಗೆ ಬಿದ್ದಿದ್ದ ಸಣ್ಣ ಕೀಲಿಕೈಯನ್ನು ಅತ್ತಿಯೇ ಎತ್ತಿ ಬಾಗಿಲಿನ ಹಿಡಿಕೆಯ ಕೆಳಗಿನ ಸಂದಿಗೆ ಹಾಕಿ ತಿರುವಿದಳು. ಬಾಗಿಲು ತೆರೆಯಿತು! ಕಾರು ಕಳ್ಳ ಬಂದನೆಂದು ಅರಚತೊಡಗಿತು. ಮಾಮ ಒಳಗೆ ಕೂತು ಗುಂಡಿ ಒತ್ತಿದರೆ ಸುರುವಾಗಲಿಲ್ಲ. ಆಗ ನನಗೆ ಕಾರು ತಂದ ದಿನದ ನೆನಪಾಯಿತು. ಅಂದು ನಾನೂ ಯಲಬುರ್ಗಾದಿಂದ ಬಂದು ಜೊತೆಗೆ ಹೋಗಿದ್ದೆ. ಸೆಲ್ಲು ಸತ್ತರೆ ರಿಮೋಟನ್ನೇ ಆ ಗುಂಡಿಗೆ ತಾಗಿಸಿ ಒತ್ತಿರಿ ಎಂದು ಮಾರುವವನು ವಿವರಿಸಿದ್ದ. ಮಾಮ ಆ ಹೊತ್ತಿಗೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡುವುದರಲ್ಲಿ ಮುಳುಗಿದ್ದ.

ನಾನು ಕೂಗಿ ಹೇಳಿದೆ. ಮಾಮ ರಿಮೋಟಿನ ಬೆನ್ನನ್ನು ಗುಂಡಿಗೆ ಹಚ್ಚಿ ಕಣ್ಣು ಮುಚ್ಚಿ ಒತ್ತಿದ. ಅರಚಾಟ ನಿಂತು ಇಂಜಿನ್ನು ಗುರ್ರೆಂದಿತು. ಆ ಸದ್ದಿನಷ್ಟು ಇಂಪಾದದ್ದನ್ನು ನಾನು ಈವರೆಗೆ ಕೇಳಿಲ್ಲ.

ಗಂಗಾವತಿ ಮುಟ್ಟಿದೆವು. ಮಧ್ಯಾಹ್ನಕ್ಕೆ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಆರಾಮ ಎಂದು ಡಾಕ್ಟರಮ್ಮ ಹೊರಗೆ ಬಂದು ಹೇಳಿದಾಗ ಮಾಮ ಆಕೆಗೆ ಎರಡೂ ಕೈ ಎತ್ತಿ ಮುಗಿದನಂತೆ. ಬೆನ್ನಿಗೇ ಆಸ್ಪತ್ರೆಯ ಕಾವಲುಗಾರ ಬಂದು, ಬೆಳಿಗ್ಗೆಯಿಂದ ಅಂಗಳದಲ್ಲಿ ಬುಸುಗುಡುತ್ತ ನಿಂತಿರುವ ಕಾರು ಯಾರದು ಎಂದು ವಿಚಾರಿಸಿದ. ಬಂದ್ ಮಾಡಿದರೆ ಮತ್ತೆ ಸುರುವಾಗದಿದ್ದರೆ ಎಂಬ ಹೆದರಿಕೆಗೆ ಮಾಮ ಇಂಜಿನ್ನು ನಿಲ್ಲಿಸಿಯೇ ಇರಲಿಲ್ಲ!

ಸಂಜೆ ಅವನು ನನ್ನ ಮಂಚದ ಹತ್ತಿರ ಬಂದ. ಅಂಗಿ ಇನ್ನೂ ತಿರುವುಮುರುವೇ ಇತ್ತು. ಜೀವ ಹಗುರಾಗಿದ್ದ ನಾನು ನಗುತ್ತಲೇ, ಜಳಕಕ್ಕೆ ಹೋಗುವಾಗಲಾದರೂ ಆ ರಿಮೋಟು ತೆಗೆದಿಡಬಾರದಿತ್ತೇ ಎಂದು ಕೇಳಿದೆ.

"ನಾ ಜಳಕ ಮಾಡೂ ಹೊತ್ತಿಗೇ ನಿನಗ ಬ್ಯಾನಿ ಬಂದ್ರ?" ಎಂದ. ಬಂದದ್ದೂ ಆ ಹೊತ್ತಿಗೇ ಅಲ್ಲವೇ? ಅವನು ಮಗುವಿನ ಹೊದಿಕೆ ಸರಿಮಾಡಿದ. ಆಮೇಲೆ ಮೆಲ್ಲಗೆ ಹೇಳಿದ: "ನಿಮ್ಮವ್ವಗ ಬ್ಯಾನಿ ಎದ್ದಾಗ ಬಾಗಲಾ ಮುಂದ ಜೀಪ ನಿಂತಿತ್ತವಾ. ಚಾವಿ ಇದ್ದಾಂವ ಬ್ಯಾರೆ ಊರಿಗೆ ಹೋಗಿದ್ದ."

ನಾನು ಹುಟ್ಟಿದ, ಕುಷ್ಟಗಿ ಹತ್ತಿರದ ಹಳ್ಳಿಯಲ್ಲಿ ಆಗ ಇದ್ದದ್ದು ಅದೊಂದೇ ಗಾಡಿ. ಕಚೇರಿಯ ಕಪಾಟು, ಸಾಹೇಬರ ಬೈಗುಳ, ಎಲ್ಲ ಅವನೇ ಕಟ್ಟಿದ ಕಥೆ. ಇಷ್ಟು ವರ್ಷ ಆ ಝಣ್ ಝಣ್ ಕೇಳಿ ನಕ್ಕಿದ್ದ ನಾನು ಅಂದು ಮಾಮನ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಹೆಸರಿಡುವ ದಿನ ಮಗುವಿಗೆ ಅವ್ವನ ಹೆಸರನ್ನೇ ಇಟ್ಟೆವು. ಮಾಮ ಅದರ ಸೊಂಟಕ್ಕೆ ಬೆಳ್ಳಿಯ ಉಡದಾರ ಕಟ್ಟಿದ. ಕಾರಿಗೆ ಹೊಸ ರಿಮೋಟು ಬಂದಿತ್ತು. ಬಂದವರೆಲ್ಲ ಉಂಡು ಹೋದ ಮೇಲೆ ಮಾಮ ತನ್ನ ಉಡದಾರದಿಂದ ಕೀಲಿಕೈಗಳನ್ನು ಒಂದೊಂದಾಗಿ ಬಿಚ್ಚಿ, ರಿಮೋಟಿನ ಸಮೇತ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ. ನಾನು ಬೆರಗಾಗಿ ನೋಡಿದೆ.

"ಇನ್ನ ಮೊಳಿಗೆ ಇರಲಿ ಬಿಡು" ಎಂದ. "ಎಲ್ಲಾರೂ ಮನಿಗೆ ಬಂದಾರ."

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅತ್ತಿಯ ದನಿ ಬಂತು: "ಎಲ್ಲಿ ಅದೀರಿ? ಸಪ್ಪಳನ ಇಲ್ಲಲ್ಲ."

"ಇಲ್ಲೇ ಅದೀನಿ, ಕೂಸಿನ ಹತ್ರ" ಎಂದ ಮಾಮ, ಮಗು ಎದ್ದೀತೆಂದು ಪಿಸುದನಿಯಲ್ಲಿ. ಅಡುಗೆಮನೆಗೆ ಅದು ಕೇಳಿಸಿರಲಿಕ್ಕಿಲ್ಲ. ನನಗೆ ಕೇಳಿಸಿತು.