ಶೀಳನೆರೆಯ ಖಾಯಂ ನಿರುದ್ಯೋಗಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಸದ್ಯ ಒಬ್ಬನೇ ಒಬ್ಬ ನಿರುದ್ಯೋಗಿ ಇರುತ್ತಾನೆಂದು ಈ ಮೂಲಕ ಸರ್ವರ ಗಮನಕ್ಕೆ ತರಲಾಗಿದೆ. ಆತನ ಹೆಸರು ಚಲುವರಾಜು, ವಾಸ ಶೀಳನೆರೆ. ನಾನು ಆತನ ಕಡತ ನೋಡಿಕೊಳ್ಳುವ ಗುಮಾಸ್ತ. ನಮ್ಮ ಕಚೇರಿ ಪಾಂಡವಪುರದಲ್ಲಿದೆ. ಬೋರ್ಡಿನ ಮೇಲೆ ‘ನಿರುದ್ಯೋಗ ಪ್ರವೃತ್ತಿ ಅಧ್ಯಯನ ಹಾಗೂ ಭತ್ಯೆ ನಿಯಂತ್ರಣ ಉಪಕಚೇರಿ’ ಎಂದಿದೆ. ಭತ್ಯೆ ಕೊಡುವ ಕಚೇರಿ ಅಂದುಕೊಂಡು ಬಂದವರಿಗೆ ಬೋರ್ಡನ್ನು ಇನ್ನೊಮ್ಮೆ ಓದಲು ಹೇಳುತ್ತೇವೆ.

ದೇಶದ ನಿರುದ್ಯೋಗ ದಶಕಗಳಿಂದ ಹೇಗೆ ಏರಿಳಿದಿದೆ ಎಂಬ ದೊಡ್ಡ ನಕ್ಷೆಯೊಂದು ನಮ್ಮ ಸಾಹೇಬರಾದ ಉಪನಿರ್ದೇಶಕ ಮಹದೇವಸ್ವಾಮಿಯವರ ಕುರ್ಚಿಯ ಹಿಂದೆ ತೂಗುತ್ತದೆ. ನಕ್ಷೆಯ ಗೆರೆ ಏರಿದರೆ ಭತ್ಯೆಯ ಖರ್ಚು ಏರುತ್ತದೆ, ಖರ್ಚು ಏರಿದರೆ ಮೇಲಿನವರ ಸಿಟ್ಟು ಏರುತ್ತದೆ. ಆದ್ದರಿಂದ ವರ್ಷಕ್ಕೊಂದು ನಿಯಮ ತಂದು ನಾವು ಗೆರೆಯನ್ನು ಇಳಿಸುತ್ತ ಬಂದೆವು. ವಾರದಲ್ಲಿ ಒಂದು ಗಂಟೆ ಎಮ್ಮೆ ಮೇಯಿಸಿದವನು ಪಶುಸಂಗೋಪನಾ ಉದ್ಯೋಗಿ. ಡೈರಿಗೆ ಹಾಲು ಹಾಕಿ ಬಂದವನು ಸಾಗಾಣಿಕೆ ಉದ್ಯೋಗಿ. ಪರೀಕ್ಷೆಗೆ ಓದುತ್ತಿರುವವನು, ತಲೆ ನರೆತಿದ್ದರೂ, ವಿದ್ಯಾರ್ಥಿ. ಓದಿ ಓದಿ ಸೋತು ಕೆಲಸ ಹುಡುಕುವುದನ್ನೇ ಬಿಟ್ಟವನು ನಿರಾಸಕ್ತ. ಅವನು ಲೆಕ್ಕಕ್ಕೇ ಇಲ್ಲ. ಕೆಲಸ ಯಾರಿಗೂ ಸಿಗಲಿಲ್ಲ. ಗೆರೆ ಮಾತ್ರ ಚೆನ್ನಾಗಿ ಇಳಿಯಿತು.

ಉಳಿದದ್ದನ್ನು ಜನರೇ ಮಾಡಿಕೊಟ್ಟರು. ಸಮೀಕ್ಷೆಗೆಂದು ಮನೆಮನೆಗೆ ಹೋಗಿ ‘ನಿಮ್ಮ ಹುಡುಗ ಏನು ಕೆಲಸ ಮಾಡುತ್ತಾನೆ?’ ಎಂದು ಕೇಳಿದ್ದೇ ತಡ, ಹೆಣ್ಣಿನ ಕಡೆಯವರು ಗುಟ್ಟಾಗಿ ವಿಚಾರಿಸಲು ಬಂದಿದ್ದಾರೆಂದು ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಿದ್ದರು. ಕೆಲಸವಿಲ್ಲದ ಗಂಡಿಗೆ ನಮ್ಮ ಸೀಮೆಯಲ್ಲಿ ಹೆಣ್ಣು ಹುಟ್ಟುವುದೇ ಇಲ್ಲ. ನಾಗಮಂಗಲದ ಕಡೆ ಒಬ್ಬರು ಮಗ ಮಲಗಿದ್ದ ಕೋಣೆಯ ಕದ ಎಳೆದುಕೊಂಡು, ‘ನಮ್ಮುಡ್ಗ ಮೈಸೂರಲ್ಲಿ ಮ್ಯಾನೇಜರು ಕಣ್ರಪ್ಪ, ಈಗ್ತಾನೆ ಓದ’ ಎಂದರು. ಒಳಗಿನಿಂದ ಗೊರಕೆ ಕೇಳಿಸುತ್ತಿತ್ತು. ನಾವು ಮ್ಯಾನೇಜರ್ ಎಂದು ಬರೆದುಕೊಂಡು, ಕಾಫಿ ಕುಡಿದು ಬಂದೆವು.

ಶೀಳನೆರೆಯಲ್ಲಿ ಮಾತ್ರ ಎಡವಟ್ಟಾಯಿತು. ಚಲುವರಾಜು ಐ.ಟಿ.ಐ. ಓದಿದವನು, ಎಂಜಿನ್ನು ಕಂಡರೆ ಬಿಚ್ಚಿ ಜೋಡಿಸದೆ ಬಿಡದವನು. ಆದರೆ ಆ ವಾರ ಅವ್ವನ ಜೊತೆ ಜಗಳವಾಡಿ, ಎಮ್ಮೆಯ ಮುಖವನ್ನೂ ನೋಡದೆ ಮುಸುಕೆಳೆದು ಬಿದ್ದುಕೊಂಡಿದ್ದ. ತಾಯಿ ದೊಡ್ಡತಾಯಮ್ಮ ಕೆಂಡವಾಗಿದ್ದರು.

‘ಏನ್ ಮಾಡಾನು ಸ್ವಾಮಿ? ಉಣ್ತಾನೆ, ಬಿದ್ಕತಾನೆ. ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಬರ್ಕಳಿ!’

ಬರೆದುಕೊಂಡೆವು.

ಒಬ್ಬನಾದರೂ ಸಿಕ್ಕಿದನಲ್ಲ ಎಂದು ಕಚೇರಿ ನಿಟ್ಟುಸಿರು ಬಿಟ್ಟಿತು. ಯಾಕೆಂದರೆ ಆತನೊಬ್ಬನ ಭತ್ಯೆಯನ್ನು ವಿತರಿಸಲು ಉಪನಿರ್ದೇಶಕರು, ಇಬ್ಬರು ಅಧೀಕ್ಷಕರು, ನಾವು ಗುಮಾಸ್ತರು, ಒಂದು ಜೀಪು, ಅದಕ್ಕೊಬ್ಬ ಚಾಲಕ, ಆ ಚಾಲಕನಿಗೊಬ್ಬ ಬದಲಿ ಚಾಲಕ ಇದ್ದೇವೆ. ಭತ್ಯೆಯ ಖರ್ಚನ್ನು ಈ ಮಟ್ಟಕ್ಕೆ ಇಳಿಸಿದ್ದಕ್ಕಾಗಿ ಸಾಹೇಬರಿಗೆ ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡಲಾಯಿತು. ನಮ್ಮ ಸಂಬಳ ಭತ್ಯೆಯ ಖರ್ಚಿಗೆ ಸೇರುವುದಿಲ್ಲ. ಅದರ ಲೆಕ್ಕಶೀರ್ಷಿಕೆಯೇ ಬೇರೆ.

ಹೀಗೆ ಎಲ್ಲವೂ ಸುಸೂತ್ರವಾಗಿರುವಾಗ ಚಲುವರಾಜು ಕೆಲಸ ಹುಡುಕಿಕೊಂಡುಬಿಟ್ಟ. ಬಾಬುರಾಯನಕೊಪ್ಪಲಿನ ರಂಜಿತಳನ್ನು ಅವನು ಮೆಚ್ಚಿದ್ದ, ಅವಳೂ ಮೆಚ್ಚಿದ್ದಳು. ಅವಳ ತಂದೆ ಪುಟ್ಟರಾಜು ಮಾತ್ರ ‘ಕೆಲ್ಸ ಇಲ್ದೋನ್ಗೆ ಎಣ್ಣು ಕೊಡಾಕಿಲ್ಲ’ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಅದಕ್ಕೇ ಇವನು ಕೆ.ಆರ್. ಪೇಟೆಯ ಟ್ರಾಕ್ಟರ್ ಗ್ಯಾರೇಜೊಂದಕ್ಕೆ ಸೋಮವಾರದಿಂದ ಬರುತ್ತೇನೆಂದು ಮಾತು ಕೊಟ್ಟ. ಸುದ್ದಿ ತಿಳಿದ ದಿನ ಕಚೇರಿಯಲ್ಲಿ ಯಾರೂ ಊಟದ ಡಬ್ಬಿ ಬಿಚ್ಚಲಿಲ್ಲ. ಬದಲಿ ಚಾಲಕ ಅತ್ತೇಬಿಟ್ಟ. ಎಲ್ಲರೂ ಜೀಪು ಹತ್ತಿ ಶೀಳನೆರೆಗೆ ಹೋದೆವು.

‘ಏನಪ್ಪಾ, ಓದಿದವನಾಗಿ ಇಂಥ ಕೆಲಸ ಮಾಡಬಹುದಾ ನೀನು?’ ಎಂದರು ಸಾಹೇಬರು.

‘ಟ್ರಾಕ್ಟರ್ ರಿಪೇರಿ ಸಾ. ಕಳ್ತನ ಏನಲ್ವಲ್ಲ.’

‘ನೀನೊಬ್ಬ ಉದ್ಯೋಗಿಯಾದರೆ ಕಚೇರಿ ಮುಚ್ಚುತ್ತದೆ. ನಾವಿಷ್ಟೂ ಜನ ನಿರುದ್ಯೋಗಿಗಳಾಗುತ್ತೇವೆ. ಇಷ್ಟು ವರ್ಷ ಇಳಿಸಿದ ಗೆರೆ ಒಂದೇ ಏಟಿಗೆ ಏರುತ್ತದೆ. ಸ್ವಾರ್ಥಕ್ಕೂ ಒಂದು ಮಿತಿ ಬೇಡವಾ?’

‘ಅಂಗಾರೆ ನಾನು ಮದ್ವೆ ಆಗದು ಬ್ಯಾಡ್ವಾ ಸಾ? ಆ ಉಡ್ಗಿ ನನ್ನ ನಂಬ್ಕಂಡು ಕೂತವ್ಳೆ’ ಎಂದ ಚಲುವರಾಜು.

ಸಾಹೇಬರೂ ಮನುಷ್ಯರೇ. ಮೇಲಿನವರೊಡನೆ ಮಾತಾಡಿ ಆದೇಶ ತರಿಸಿದರು. ಅದನ್ನು ಬಾಬುರಾಯನಕೊಪ್ಪಲಿನಲ್ಲಿ ಪುಟ್ಟರಾಜು ಅವರ ಜಗಲಿಯ ಮೇಲೆ ನಿಂತು ನಾನೇ ಓದಿದೆ:

‘ಶ್ರೀ ಚಲುವರಾಜು ಇವರನ್ನು ನಿರುದ್ಯೋಗಿ ಹುದ್ದೆಗೆ ಖಾಯಂ ಆಗಿ ನೇಮಿಸಿ ಆದೇಶಿಸಿದೆ. ಸದರಿಯವರು ಯಾವುದೇ ಉಪಯುಕ್ತ ಕೆಲಸಕ್ಕೆ ಕೈ ಹಾಕತಕ್ಕದ್ದಲ್ಲ. ತಪ್ಪಿದಲ್ಲಿ ಸೇವೆಯಿಂದ ವಜಾ ಮಾಡಲಾಗುವುದು.’

ಪುಟ್ಟರಾಜು ಎಲೆಯಡಿಕೆ ಉಗಿದು ಬಂದು ಕೇಳಿದರು.

‘ಗೌರ್ಮೆಂಟಾ?’

‘ಹೌದು.’

‘ಪರ್ಮನೆಂಟಾ?’

‘ನಿವೃತ್ತಿಯವರೆಗೆ.’

‘ಪಿಂಚಣಿ?’

‘ಉಂಟು.’

‘ತಟ್ಟೇಲಿ ತಾಂಬೂಲ ತಕಬಾರಮ್ಮೀ!’ ಎಂದು ಅವರು ಒಳಕ್ಕೆ ಕೂಗಿದರು.

ತಾಂಬೂಲ ತಂದ ರಂಜಿತಳ ಮುಖ ಸಪ್ಪಗಿತ್ತು. ‘ಮೈ ಬಗ್ಗಿಸಿ ದುಡಿಯೋನು ಅಂತ ನಾನು ಮೆಚ್ಚಿದ್ದು ಕಣಪ್ಪಾ’ ಎಂದಳು.

‘ಸುಮ್ಕಿರಮ್ಮೀ. ಗ್ಯಾರೇಜ್ ಕೆಲ್ಸ ಇವತ್ತಿರ್ತದೆ, ನಾಳೆ ಓಯ್ತದೆ. ನಿರುದ್ಯೋಗ ಎಲ್ಲೂ ಓಗಾಕಿಲ್ಲ.’

ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಕೆಳಗೆ ‘ಸರ್ಕಾರಿ ಖಾಯಂ ನಿರುದ್ಯೋಗಿ’ ಎಂದು ಅಚ್ಚು ಹಾಕಿಸಿದರು. ತಾಳಿ ಕಟ್ಟುವುದು ಉಪಯುಕ್ತ ಕೆಲಸವಾಗುತ್ತದೆಯೇ ಎಂದು ಅಧೀಕ್ಷಕರೊಬ್ಬರು ಮುಹೂರ್ತದ ಹೊತ್ತಿಗೆ ತಕರಾರು ತೆಗೆದರು. ಸಾಹೇಬರು ಛತ್ರದಲ್ಲೇ ವಿನಾಯಿತಿ ಮಂಜೂರು ಮಾಡಿದರು. ಗ್ಯಾರೇಜಿನವರೂ ಬಂದು ಉಂಡು, ‘ಅದೃಷ್ಟವಂತ ಕಣ್ಲಾ ನೀನು’ ಎಂದು ಹೇಳಿ ಹೋದರು.

ಹೋದ ವಾರ ನಾನು ತಪಾಸಣೆಗೆ ಶೀಳನೆರೆಗೆ ಹೋಗಿದ್ದೆ. ಚಲುವರಾಜು ನಿಯಮಾನುಸಾರ ಜಗಲಿಯ ಮೇಲೆ ಕೂತಿದ್ದ. ರಂಜಿತ ನನಗೆ ಕಾಫಿ ತಂದಿಟ್ಟು, ಗಂಡನ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು. ಎದುರು ಗದ್ದೆಯ ಬದುವಿನಲ್ಲಿ ದೊಡ್ಡತಾಯಮ್ಮ ಹುಲ್ಲು ಕೊಯ್ದು ಹೊರೆ ಕಟ್ಟಿದ್ದರು. ತಲೆಗೆ ಸಿಂಬಿ ಇಟ್ಟುಕೊಂಡು ಎಷ್ಟು ತಿಣುಕಿದರೂ ಹೊರೆ ಮೇಲೇಳಲಿಲ್ಲ.

‘ಲೇ ಚಲುವ, ಒಸಿ ಕೈ ಕೊಡ್ಲಾ!’

ಆತ ಎದ್ದು ಓಡಿದ. ಇನ್ನೇನು ಹೊರೆಗೆ ಕೈ ಹಾಕಬೇಕು, ಅಷ್ಟರಲ್ಲಿ ಆಯಮ್ಮನಿಗೆ ಜಗಲಿಯ ಮೇಲಿದ್ದ ನಾನು ಕಂಡೆ.

‘ಅಯ್ಯಯ್ಯೋ, ಮುಟ್ಬ್ಯಾಡ ಕಣ್ಲಾ! ಕೆಲ್ಸ ಓದಾತು!’

ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ಕರಿಯಯ್ಯ ನಿಂತರು. ‘ಥೂ, ಹೆತ್ತವ್ವಂಗೆ ಒಂದು ಹೊರೆ ಎತ್ತಾಕಾಗಲ್ವೇನ್ಲಾ ನಿಂಗೆ?’

ದೊಡ್ಡತಾಯಮ್ಮ ಸುಮ್ಮನಿರಲಿಲ್ಲ. ‘ನಿನ್ನ ಮಗ ಗೌರ್ಮೆಂಟ್ ಕೆಲ್ಸದಲ್ಲಿದ್ದಿದ್ರೆ ಗೊತ್ತಾಗ್ತಿತ್ತು ನಿಂಗೆ. ಬಾ, ನೀನೇ ಎತ್ತು ಬಾ!’

ಕರಿಯಯ್ಯ ತೆಪ್ಪಗೆ ಹೊರೆ ಎತ್ತಿಕೊಟ್ಟರು. ಆಮೇಲೆ ನನ್ನ ಬಳಿ ಬಂದು ಟವೆಲ್ಲನ್ನು ಕಂಕುಳಿಗಿಟ್ಟುಕೊಂಡು, ‘ನಮ್ಮುಡ್ಗಂಗೂ ಇಂತದೊಂದು ನೋಡಿ ಸ್ವಾಮಿ’ ಎಂದು ಕೈ ಮುಗಿದರು. ಹುದ್ದೆ ಖಾಲಿ ಇಲ್ಲವೆಂದು ತಿಳಿಸಿದೆ.

ಚಲುವರಾಜು ಜಗಲಿಗೆ ಮರಳಿ ಬಂದು ಅವ್ವ ಹೋದ ದಾರಿಯನ್ನೇ ನೋಡುತ್ತಿದ್ದ. ಹೊರೆಯ ಭಾರಕ್ಕೆ ಆಯಮ್ಮನ ಕತ್ತು ಕುಸಿದಿತ್ತು. ಆತನ ಕಣ್ಣು ತುಂಬಿತ್ತು.

‘ಸಾ, ಒಂದಿನ ರಜ ಆಕ್ಕಂಡು ಅವ್ವನ ಜೊತೆ ಗದ್ದೆಗೆ ಓಗ್ಬೌದಾ?’

ನಿರುದ್ಯೋಗಿಗೆ ರಜೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂದೆ.

‘ಅಂಗಾ? ಆಯ್ತು ಬುಡಿ ಸಾ’ ಎಂದು ಆತ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತ. ‘ಕರ್ತವ್ಯ ನಿರ್ವಹಣೆ ತೃಪ್ತಿಕರ’ ಎಂದು ಬರೆದು ನಾನು ಜೀಪು ಹತ್ತಿದೆ.