ಬೆಲ್ಟು ಕೈಗೆ ಬರುವವರೆಗೆ ಊಟವಿಲ್ಲ

ಆ ಮಾತನ್ನು ಶಶಿರಾಜ ಹೇಳಬಾರದಿತ್ತು. ಹೇಳಿದರೂ ಹೆಂಡತಿಯ ಎದುರು ಹೇಳಬಾರದಿತ್ತು. ಅವಳ ಎದುರು ಹೇಳಿದರೂ, ಅವಳು ಆಗಷ್ಟೇ ಬಸದಿಯಿಂದ ಬಂದು ಅಭಿಷೇಕದ ಗಂಧೋದಕದ ಪುಟ್ಟ ತಂಬಿಗೆ ಹಿಡಿದು ನಿಂತಿದ್ದ ಹೊತ್ತಿನಲ್ಲಂತೂ ಖಂಡಿತ ಹೇಳಬಾರದಿತ್ತು.

ಎರಡು ತಿಂಗಳಿಂದ ಅವರ ಹಳೇ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಕೀಂ ಎಂದು ಕಿರುಚುತ್ತಿತ್ತು. ತೋಡಾರಿನ ಮೆಕ್ಯಾನಿಕ್ ಬಾನೆಟ್ಟಿನೊಳಗೆ ಇಣುಕಿ, “ಇಂಜಿನ್ನಿನ ಬೆಲ್ಟ್ ಸವೆದಿದೆ, ಮಂಗಳವಾರ ತನ್ನಿ” ಎಂದಿದ್ದ. ಆದರೆ ಶಶಿರಾಜ ಮೊಬೈಲಿನಲ್ಲಿ ಬೆಲ್ಟ್ ಬದಲಿಸುವ ವಿಡಿಯೋ ನೋಡಿಬಿಟ್ಟಿದ್ದ. ಏಳು ನಿಮಿಷದ ವಿಡಿಯೋ. ಅದರಲ್ಲಿ ಎರಡು ನಿಮಿಷ, ದಯವಿಟ್ಟು ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಎಂಬ ಪ್ರಾರ್ಥನೆ. ಅಲ್ಲಿಗೆ ಕೆಲಸ ಐದೇ ನಿಮಿಷದ್ದು (ಇಂಥ ಲೆಕ್ಕದಲ್ಲಿ ಅವನು ಯಾವಾಗಲೂ ಚುರುಕು). ಹೊಸ ಬೆಲ್ಟ್ ತಂದಿಟ್ಟು, ಭಾನುವಾರ ಹನ್ನೊಂದು ಗಂಟೆಗೆ ತೋಳು ಮಡಚಿ ಘೋಷಿಸಿದ.

“ಈ ಹಳೇ ಬೆಲ್ಟನ್ನು ನನ್ನ ಕೈಯಾರೆ ತೆಗೆಯದೆ ಇವತ್ತು ಊಟ ಮಾಡುವುದಿಲ್ಲ, ನೋಡ್ತಾ ಇರು!”

“ಆಯ್ತು. ನಿಯಮ ತೆಗೊಂಡ ಹಾಗಾಯ್ತು” ಎಂದಳು ಕಮಲಾವತಿ.

“ನಿಯಮ ಎಂಥದ್ದು ಮಾರಾಯ್ತಿ? ಸುಮ್ಮನೆ ಮಾತಿಗೆ ಹೇಳಿದ್ದು.”

“ಎಲ್ಲರೂ ಮಾತಿನಲ್ಲೇ ನಿಯಮ ತೆಗೊಳ್ಳುವುದು. ಅದೂ ಗಂಧೋದಕದ ಎದುರು. ಇನ್ನು ಮುರಿಯಲಿಕ್ಕೆ ಉಂಟಾ?”

ಆಗ ಶಶಿರಾಜ ನಕ್ಕ. ಐದು ನಿಮಿಷದ ಕೆಲಸಕ್ಕೆ ಯಾವ ನಿಯಮವಾದರೇನು? ಊಟಕ್ಕೆ ಇನ್ನೂ ಎರಡು ಗಂಟೆ ಇತ್ತು.

ಬೆಲ್ಟನ್ನು ಬಿಗಿಯಾಗಿ ಎಳೆದು ಹಿಡಿಯಲು ಸ್ಪ್ರಿಂಗ್ ಇರುವ ಒಂದು ಸಣ್ಣ ಚಕ್ರ ಉಂಟು. ಆ ಚಕ್ರವನ್ನು ಸ್ಪ್ಯಾನರಿನಿಂದ ತಿರುಗಿಸಿದರೆ ಬೆಲ್ಟ್ ಸಡಿಲವಾಗುತ್ತದೆ, ಮೆಲ್ಲನೆ ಎತ್ತಿದರೆ ಬರುತ್ತದೆ. ವಿಡಿಯೋದ ಮನುಷ್ಯ ಇದನ್ನು ಮಾತಾಡುತ್ತಾ ಒಂದೇ ಕೈಯಲ್ಲಿ ಮಾಡಿದ್ದ. ಶಶಿರಾಜ ಎರಡು ಕೈ, ಒಂದು ಮೊಣಕಾಲು, ಸಾಧ್ಯವಾದಷ್ಟು ಹೊಟ್ಟೆ, ಎಲ್ಲ ಹಾಕಿ ತಿರುಗಿಸಿದ. ತಿರುಗಿಸಿದಷ್ಟೂ ಬೆಲ್ಟ್ ಇನ್ನಷ್ಟು ಬಿಗಿಯಾಯಿತು. ಅವನು ಅದಕ್ಕೆ ತುಳುವಿನಲ್ಲಿ ಬೈದ, ಕನ್ನಡದಲ್ಲಿ ಬೇಡಿಕೊಂಡ. ಬೆರಳಿನ ಗೆಣ್ಣು ಎರಡು ಕಡೆ ಸುಲಿಯಿತು.

ಒಂದು ಗಂಟೆಗೆ ಕಮಲಾವತಿ ಅಭ್ಯಾಸಬಲದಿಂದ “ಊಟಕ್ಕೆ ಬನ್ನಿ” ಎಂದು ಕರೆದು, “ಓ, ನಿಮಗೆ ನಿಯಮ ಅಲ್ವಾ!” ಎಂದು ನಾಲಿಗೆ ಕಚ್ಚಿಕೊಂಡಳು. ಒಬ್ಬಳೇ ಕೂತು ಉಂಡಳು. ಅಡುಗೆಮನೆಯ ಕಿಟಕಿಯಿಂದ ತೊಂಡೆಕಾಯಿ ಪಲ್ಯದ ಒಗ್ಗರಣೆ ಪರಿಮಳ ಬಂತು, ಮಜ್ಜಿಗೆ ಸುರಿದುಕೊಳ್ಳುವ ಸದ್ದು ಬಂತು, ಕೊನೆಗೊಂದು ತೃಪ್ತಿಯ ತೇಗೂ ಬಂತು. ಬೆಲ್ಟ್ ಮಾತ್ರ ಬರಲಿಲ್ಲ.

ಮೂರು ಗಂಟೆಗೆ ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಹಸಿವು ಹೋಗಿ ಸುಸ್ತು ಬಂದಿತ್ತು. ದೊಡ್ಡ ಭಯ ಬೇರೆಯೇ ಇತ್ತು. ಸೂರ್ಯ ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಯಾರೂ ತುತ್ತು ಬಾಯಿಗಿಡುವುದಿಲ್ಲ. ಕ್ಯಾಲೆಂಡರಿನಲ್ಲಿ ಅಂದಿನ ಸೂರ್ಯಾಸ್ತ ಆರು ಇಪ್ಪತ್ತಕ್ಕೆ. ಅಷ್ಟರೊಳಗೆ ಬೆಲ್ಟ್ ಬರದಿದ್ದರೆ ಇನ್ನು ಮರುದಿನ ಬೆಳಿಗ್ಗೆಯೇ ತಿಂಡಿ. ಅಯ್ಯೋ ದೇವರೇ, ಯಾಕಾದರೂ ಬಾಯಿ ಬಿಟ್ಟೆನೋ ಎಂದು ಅವನಿಗೆ ಅಳುವೇ ಬಂತು.

ಐದೂವರೆಗೆ ಒಳಗಿನಿಂದ ಅಕ್ಕಿತರಿಯ ಪುಂಡಿ ಉಂಡೆ ಹಬೆಯಲ್ಲಿ ಬೇಯುವ ವಾಸನೆ, ಹೆಸರುಕಾಳಿನ ಗಸಿಯ ವಾಸನೆ. ಕಮಲಾವತಿ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದಳು. ಗಂಡನ ಮುಖ ನೋಡಿ ಅವಳಿಗೆ ನಿಜವಾಗಿಯೂ ಪಾಪ ಅನ್ನಿಸಿತು.

“ನಾನೊಮ್ಮೆ ಹಿಡಿಯುವುದಾ?”

“ಇದು ಒಗ್ಗರಣೆ ಸೌಟಲ್ಲ” ಎಂದು ಗೊಣಗಿದರೂ ಸ್ಪ್ಯಾನರ್ ಕೊಟ್ಟ. ಅಷ್ಟರಲ್ಲಿ ಮೊಬೈಲ್ ಇಂಜಿನ್ನಿನ ಸಂದಿಗೆ ಜಾರಿತು. ಅದನ್ನು ಹೊರಗೆಳೆಯುವುದಕ್ಕೆ ಅವನು ಕಾರಿನಡಿಗೆ ನುಗ್ಗಿದ. ಧೂಳು ಕೊಡವಿಕೊಂಡು ಎದ್ದು ನೋಡುತ್ತಾನೆ, ಬೆಲ್ಟ್ ಅವಳ ಕೈಯಲ್ಲಿ ಜೋಲುತ್ತಿದೆ!

“ನೀವು ತಿರುಗಿಸ್ತಾ ಇದ್ದದ್ದು ಉಲ್ಟಾ ಕಾಣ್ತದೆ. ನಾನು ಈ ಕಡೆ ತಿರುಗಿಸಿದೆ, ಬಂತು” ಎಂದಳು.

ಶಶಿರಾಜನಿಗೆ ನಾಚಿಕೆಪಡುವಷ್ಟೂ ಪುರಸೊತ್ತಿರಲಿಲ್ಲ. “ಬಡಿಸು, ಬಡಿಸು!” ಎನ್ನುತ್ತಾ ಕೈ ತೊಳೆಯಲು ನಳ್ಳಿಯತ್ತ ಓಡಿದ.

“ನಿಲ್ಲಿ. ನಿಮ್ಮ ಕೈಯಾರೆ ಅಂದಿದ್ದಿರಿ. ತೆಗೆದದ್ದು ನಾನು.”

“ಗಂಡ ಹೆಂಡತಿ ಬೇರೆ ಬೇರೆಯಾ ಮಾರಾಯ್ತಿ? ಇಬ್ಬರೂ ಒಂದೇ!”

“ಹಾಗಾದ್ರೆ ನಾನು ಮಧ್ಯಾಹ್ನ ಉಂಡದ್ದೂ ನೀವೇ ಉಂಡ ಹಾಗಾಯ್ತು. ನಿಯಮ ಒಂದು ಗಂಟೆಗೇ ಮುರಿಯಿತು.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಅದೇ ಕಷ್ಟ. ಹಳೇ ಬೆಲ್ಟನ್ನೇ ಮತ್ತೆ ಹಾಕಿ, ಅವನೇ ತೆಗೆಯಬೇಕೆಂದು ತೀರ್ಮಾನವಾಯಿತು. ಅವಳು ಸ್ಪ್ಯಾನರಿನಿಂದ ಚಕ್ರವನ್ನು ತಿರುಗಿಸಿ ಹಿಡಿದು ನಿಂತಳು. ಬೆಲ್ಟ್ ಯಾವ ಚಕ್ರದ ಮೇಲಿಂದ ಹೋಗಿ ಯಾವುದರ ಅಡಿಯಿಂದ ಬರಬೇಕೆಂಬುದು ಅವನಿಗೆ ಮರೆತುಹೋಗಿತ್ತು. ವಿಡಿಯೋ ಹಾಕಿದರೆ ಮೊದಲು ಜಾಹೀರಾತು, ಆಮೇಲೆ ಪ್ರಾರ್ಥನೆ. ಅಂತೂ ಕೂರಿಸಿದ. ಅವಳು ಕೈಬಿಟ್ಟಳು. ಅವನು ಸ್ಪ್ಯಾನರ್ ಇಟ್ಟು, ಈ ಸಲ ಸರಿಯಾದ ಕಡೆಗೆ ತಿರುಗಿಸಿ, ಬೆಲ್ಟನ್ನು ಎಳೆದು ತೆಗೆದೇಬಿಟ್ಟ.

“ಬಂತು! ಕೈಯಾರೆ ಬಂತು!”

ಕಮಲಾವತಿ ಗಂಟೆ ನೋಡಿದಳು. “ಆರು ಇಪ್ಪತ್ತೆರಡು.”

“ಎರಡೇ ನಿಮಿಷ ಮಾರಾಯ್ತಿ!”

“ಸೂರ್ಯನ ಹತ್ರ ಹೇಳಿ.”

ಅವನಿಗೆ ತಡೆಯಲಾಗಲಿಲ್ಲ. “ನಿನಗೇನು, ಹೊಟ್ಟೆ ತುಂಬ ತಿಂದು ನನಗೆ ಧರ್ಮ ಹೇಳ್ತೀ!”

“ರಾತ್ರಿಯದ್ದು ನಾನೆಲ್ಲಿ ತಿಂದೆ?” ಮಸಿ ಹಿಡಿದ ಅಂಗೈ ತೋರಿಸಿದಳು. “ಇಷ್ಟು ಹೊತ್ತು ನಿಮ್ಮ ಚಕ್ರ ಹಿಡ್ಕೊಂಡು ನಿಂತದ್ದು ಯಾರು?”

ಶಶಿರಾಜ ನಳ್ಳಿ ತಿರುಗಿಸಿ ಅವಳ ಕೈಗೆ ಸಾಬೂನು ಕೊಟ್ಟ. ಮಾಡಿಟ್ಟ ಪುಂಡಿಯನ್ನು ತಂಗಳೆಂದು ಮರುದಿನ ಅವರು ತಿನ್ನುವವರಲ್ಲ, ಎಸೆಯಲು ಅವಳಿಗೆ ಮನಸ್ಸಿಲ್ಲ. ಪಾಗಾರದಾಚೆಗೆ ಕೂಗಿ, ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಮುಂಡಪ್ಪನನ್ನು ಊಟಕ್ಕೆ ಕರೆದಳು.

ಮುಂಡಪ್ಪ ಬಂದು ಮೇಜಿನ ಮುಂದೆ ಕೂತ. ಪುಂಡಿಯನ್ನು ಗಸಿಗೆ ಅದ್ದಿ ಅದ್ದಿ ತಿನ್ನುತ್ತಾ, ಮೂವತ್ತು ವರ್ಷದಲ್ಲಿ ತಾನು ದಾರಿಬದಿಯಲ್ಲಿ ಬಿಚ್ಚಿದ ಬೆಲ್ಟುಗಳ ಕತೆ ಹೇಳಿದ. “ಒಂದು ಮಾತು ಹೇಳಿದ್ರೆ ಎರಡು ನಿಮಿಷದಲ್ಲಿ ತೆಗೆದುಕೊಡ್ತಿದ್ದೆ” ಎಂದ. ಆಮೇಲೆ ತಲೆಯೆತ್ತಿ, “ಗಸಿ ಫಸ್ಟ್‌ಕ್ಲಾಸ್ ಆಗಿದೆ. ಶಶಿಯಣ್ಣ, ನೀವು ಕೂರುವುದಿಲ್ವಾ?” ಎಂದು ಕೇಳಿದ.

“ನಂದು ಆಗಲೇ ಆಯ್ತು” ಎಂದ ಶಶಿರಾಜ, ಉಳಿದಿದ್ದ ಎರಡು ಪುಂಡಿಯನ್ನೂ ತನ್ನ ಕೈಯಾರೆ ಮುಂಡಪ್ಪನ ಬಟ್ಟಲಿಗೆ ಬಡಿಸಿದ.